ಸಾಮು ಮಾಡಿದವನಿಗೆ ಮಾಲೀಷು

ಬಸವನಗುಡಿಯಲ್ಲಿ ಬೆನ್ನುನೋವು ಅಂತ ಬಾಯಿಬಿಟ್ಟರೆ ಸಾಕು, ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಾಲ್ಕೈದು ಬಗೆಯ ಚಿಕಿತ್ಸೆ ಪುಕ್ಕಟೆ ಸಿಗುತ್ತದೆ. ಹೂವಿನಾಕೆ ಪುತ್ತೂರು ಕಟ್ಟು ಹಾಕಿಸಿಕೊಳ್ಳಿ ಅನ್ನುತ್ತಾಳೆ. ಗ್ರಂಥಿಗೆ ಅಂಗಡಿಯವರು ಕೇಳುವ ಮೊದಲೇ ಮಹಾನಾರಾಯಣ ತೈಲದ ಶೀಸೆ ಮುಂದಿಡುತ್ತಾರೆ. ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗಿ ಎನ್ನುವವರು ಒಬ್ಬರಾದರೆ, ಹಲಗೆಯಿಂದಲೇ ನೋವು ಬಂದಿರುವುದು ಎನ್ನುವವರು ಇನ್ನೊಬ್ಬರು. ನಮ್ಮ ಬೀದಿಯ ಹಿರಿಯರೊಬ್ಬರಂತೂ, ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಓಡಿಹೋಗುತ್ತದೆ ಎಂದು ಹೇಳಿದ್ದಲ್ಲದೆ, ಹಾಗೆ ಹುಟ್ಟಿದವರು ಯಾವ ಯಾವ ಅಡ್ಡರಸ್ತೆಯಲ್ಲಿದ್ದಾರೆ ಎಂಬುದನ್ನೂ ಹೇಳಿದರು. ನಾನು ಒದೆಸಿಕೊಳ್ಳಲು ಹೋಗಲಿಲ್ಲ. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಆಯಿತು.

ನನ್ನ ಕಸುಬು ಕರಡು ತಿದ್ದುವುದು. ಚಾಮರಾಜಪೇಟೆಯ ಒಂದೆರಡು ಪ್ರಕಾಶನಗಳಿಗೆ ಮನೆಯಿಂದಲೇ ಮಾಡಿಕೊಡುತ್ತೇನೆ. ಕನ್ನಡ ಪುಸ್ತಕಗಳು ಬಹುಪಾಲು ರಾಜ್ಯೋತ್ಸವಕ್ಕೇ ಹುಟ್ಟಬೇಕೆಂದು ಹಟ ಹಿಡಿಯುವುದರಿಂದ ಸೆಪ್ಟೆಂಬರ್, ಅಕ್ಟೋಬರ್ ಎರಡೂ ತಿಂಗಳು ಕುರ್ಚಿ ಬಿಟ್ಟು ಏಳುವ ಮಾತಿಲ್ಲ. ಅಂಥದ್ದೊಂದು ಅಕ್ಟೋಬರಿನಲ್ಲಿ ಎಡಗಡೆ, ಕಡೆಯ ಪಕ್ಕೆಲುಬಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಹಿಡಿದುಕೊಂಡದ್ದು ಸಂಕ್ರಾಂತಿ ಕಳೆದರೂ ಬಿಡಲಿಲ್ಲ. ಮೂರು ತಿಂಗಳು ದಾಟಿದರೆ ಅದಕ್ಕೆ ದೀರ್ಘಕಾಲದ ನೋವು ಎಂದು ಹೆಸರು. ಕುಳಿತರೆ ಏಳಲಾಗದು, ಎದ್ದರೆ ಬಾಗಲಾಗದು. ಕಾಲುಚೀಲ ಹಾಕಿಕೊಳ್ಳುವುದು ಬೆಳಗಿನ ದೊಡ್ಡ ಕೆಲಸವಾಯಿತು.

ಎಂಆರ್‌ಐ ಮಾಡಿಸಿದ್ದಾಯಿತು. ಎಲ್4–ಎಲ್5 ನಡುವಿನ ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು. ಆ ಒಂದು ಸಾಲು ಓದಿದ ಮೇಲೆ ನಾನು ನಡೆಯುವ ರೀತಿಯೇ ಬದಲಾಯಿತು. ಬೆನ್ನಿನೊಳಗೆ ಗಾಜಿನ ಸಾಮಾನಿದೆ ಅನ್ನುವಂತೆ ಹೆಜ್ಜೆ ಇಡತೊಡಗಿದೆ. ಆಗ ನನಗೆ ಯಾರೂ ಹೇಳದೆ ಇದ್ದ ಸಂಗತಿಯೊಂದಿದೆ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಕಲೆಹಾಕಿ ನೋಡಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಹರೆಯದವರಲ್ಲೇ ಶೇಕಡ 30 ಮಂದಿಗೆ ಡಿಸ್ಕ್ ಉಬ್ಬಿತ್ತು; ಎಂಬತ್ತರವರಲ್ಲಿ ಶೇಕಡ 84 ಮಂದಿಗೆ. ಅಂದರೆ ವರದಿಯಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ, ಎಷ್ಟೋ ಸಲ ಅದು ತಲೆಗೂದಲು ನರೆತ ಸುದ್ದಿ ಅಷ್ಟೆ. ಸೊಂಟಕ್ಕೆ ಬೆಲ್ಟು ಬಿಗಿದರು, ಒಂದು ಕಡೆ ಟ್ರ್ಯಾಕ್ಷನ್ ಮಂಚದ ಮೇಲೆ ಮಲಗಿಸಿ ಎಳೆದರು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೆರಡನ್ನೂ ವಾಡಿಕೆಯಾಗಿ ಕೊಡಬೇಡಿ ಎಂದೇ ಇದೆ. ಮಾಡಿ ಎಂದಿರುವ ಪಟ್ಟಿಯಲ್ಲಿ ವ್ಯಾಯಾಮವಿದೆ, ತಿಳಿವಳಿಕೆಯ ಮಾತಿದೆ, ಮಸಾಜೂ ಇದೆ. ಆದರೆ ಮಸಾಜಿನ ಮುಂದೆ, ಪುರಾವೆ ಅಷ್ಟು ಗಟ್ಟಿಯಲ್ಲ ಎಂಬ ಎಚ್ಚರಿಕೆಯೂ ಇದೆ.

ಈ ಮಸಾಜಿನ ದಾರಿ ನನಗೆ ಸಿಕ್ಕಿದ್ದು ಮಲ್ಲೇಶ್ವರದಲ್ಲಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಅಲ್ಲಿಂದ ನಡೆಯುವಷ್ಟು ದೂರ. ಹಳೇ ಮನೆಯೊಂದರ ಮುಂದಿನ ಕೋಣೆ. ನಡುವೆ ಎತ್ತರದ ಮಂಚ, ಮುಖ ಇಡಲು ಅದರಲ್ಲೊಂದು ತೂತು, ಗೋಡೆಗೆ ಬೆನ್ನೆಲುಬಿನ ಪಟ. ಫಿಸಿಯೋಥೆರಪಿಸ್ಟ್ ಧಾರವಾಡದ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಸಣಕಲು ಜೀವ. ಈಕೆ ಏನು ಒತ್ತಿಯಾಳು ಅಂದುಕೊಂಡೇ ಬೋರಲು ಮಲಗಿದೆ.

ಮೊದಲ ದಿನ ಬಹಳ ಹೊತ್ತು ಒತ್ತಲೇ ಇಲ್ಲ. ಅಂಗೈ ಇಟ್ಟುಕೊಂಡು ಉಸಿರು ಎಲ್ಲಿಯವರೆಗೆ ಇಳಿಯುತ್ತದೆ ಎಂದು ನೋಡಿದರು. ಆಮೇಲೆ ಒಂದಿಷ್ಟು ಎಣ್ಣೆ. ಕಮ್ಮಿ, ಏಕೆಂದರೆ ಕೈ ಜಾರಬಾರದು. ಬೆನ್ನೆಲುಬಿನ ಪಕ್ಕದ ಉದ್ದನೆಯ ಸ್ನಾಯುವಿನ ಮೇಲೆ ಮುಂಗೈಯನ್ನು ಸೊಂಟದಿಂದ ಮೇಲಕ್ಕೆ ಎಷ್ಟು ನಿಧಾನವಾಗಿ ತಂದರೆಂದರೆ ನನಗೆ ಅದು ಚಲಿಸುತ್ತಿದೆ ಅಂತಲೇ ತಿಳಿಯಲಿಲ್ಲ. ಬಲ ತೋಳಿನದ್ದಲ್ಲ, ಇಡೀ ಮೈ ಮುಂದಕ್ಕೆ ವಾಲಿಸಿದ ಭಾರದ್ದು. ಕಡೆಗೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಆ ಜಾಗಕ್ಕೆ, ಒಳಗಿನ ಚೌಕಸ್ನಾಯುವಿನ ಅಂಚಿಗೆ, ಮೊಣಕೈ ಬಂದು ನಿಂತಿತು.

“ಹತ್ತಕ್ಕ ಎಷ್ಟು ನೋವು ಹೇಳ್ರಿ ಸರ.”

ನಾನು ಹಲ್ಲು ಕಚ್ಚಿಕೊಂಡು “ಪರವಾಗಿಲ್ಲ, ಒತ್ತಿ” ಎಂದೆ.

“ಪರವಾಗಿಲ್ಲ ಅನ್ನೋದು ನಂಬರ್ ಅಲ್ರಿ. ಆರು, ಏಳು ಆದ್ರ ಸಾಕು. ನೀವು ಹಲ್ಲು ಕಚ್ಚಿದ್ರ ಬೆನ್ನೂ ಕಚ್ಚಿ ಹಿಡೀತೈತಿ. ಆಮ್ಯಾಲೆ ನಾ ಯಾರ ಜೋಡಿ ಜಗಳಾಡ್ಲಿ?”

ಈ ಮಾತು ಅರ್ಥವಾಗಲು ನನಗೆ ಕಾಲ ಬೇಕಾಯಿತು. ಎಣ್ಣೆಸ್ನಾನದ ದಿನ ಅಜ್ಜಿ ಹರಳೆಣ್ಣೆ ಸುರಿದು ಬೆನ್ನು ತಟ್ಟುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ತಾತ ಬೋರಲು ಮಲಗಿ ಮೊಮ್ಮಕ್ಕಳ ಕೈಲಿ ಬೆನ್ನು ತುಳಿಸಿಕೊಳ್ಳುತ್ತಿದ್ದರು; ‘ಇನ್ನೂ ಜೋರಾಗಿ ತುಳಿಯೋ’ ಎಂಬ ಅವರ ಅಪ್ಪಣೆ ಈಗಲೂ ಕಿವಿಯಲ್ಲಿದೆ. ಜೋರಾದಷ್ಟೂ ಗುಣ ಎಂಬ ನಂಬಿಕೆ ನಮ್ಮ ಕಡೆ ರಕ್ತದಲ್ಲೇ ಬಂದಿದೆ. ಒತ್ತಿಸಿಕೊಂಡ ಮರುದಿನ ಮೈ ನೀಲಿಗಟ್ಟಿದರೆ ಕೊಟ್ಟ ಕಾಸು ದಕ್ಕಿತು ಅನ್ನುವವರನ್ನು ನಾನೇ ನೋಡಿದ್ದೇನೆ.

ಗಂಟು ಒಡೆಯಿತೇ ಎಂದು ಒಮ್ಮೆ ಕೇಳಿದೆ. “ಅಲ್ಲೆ ಗಂಟು ಎಲ್ಲೈತ್ರಿ ಸರ, ಒಡ್ಯಾಕ?” ಅಂದರು. ನನಗೆ ಸ್ವಲ್ಪ ಅವಮಾನವೇ ಆಯಿತು. ಅಷ್ಟು ದಿನ ಗಂಟಿಗೇ ದುಡ್ಡು ಕೊಟ್ಟವನಲ್ಲವೆ. ಸ್ನಾಯುಗಳ ಸುತ್ತಲಿನ ಪೊರೆಯನ್ನು ಆಳವಾಗಿ ಒತ್ತಿ ಮೈಯ ಆಕಾರವನ್ನೇ ತಿದ್ದಬಹುದೆಂಬ ವಿಚಾರವನ್ನು ಹೋದ ಶತಮಾನದ ನಡುವಿನಲ್ಲಿ ಬಳಕೆಗೆ ತಂದವರು ಅಮೆರಿಕದ ಜೀವರಸಾಯನ ವಿಜ್ಞಾನಿ ಐಡಾ ರಾಲ್ಫ್. ಇವತ್ತು ಡೀಪ್ ಟಿಶ್ಯೂ ಎಂದು ಬೋರ್ಡು ಹಾಕಿಕೊಂಡಿರುವ ಕಡೆಯೆಲ್ಲ ಆ ವಿಚಾರದ ನೆರಳಿದೆ. ಆದರೆ 2008ರಲ್ಲಿ ಲೆಕ್ಕ ಹಾಕಿ ನೋಡಿದವರು, ತೊಡೆಯ ಹೊರಮಗ್ಗುಲಿನ ಪೊರೆಯನ್ನೋ ಅಂಗಾಲಿನ ಪೊರೆಯನ್ನೋ ಶೇಕಡ 1ರಷ್ಟು ಅಮುಕಿ ಕುಗ್ಗಿಸಬೇಕಾದರೂ ಕೈಯಿಂದ ಕೊಡಲಾಗದಷ್ಟು ಬಲ ಬೇಕು ಎಂದರು. ಹಾಗಿದ್ದರೆ ಮೊಣಕೈ ತೆಗೆದ ಮೇಲೆ ನನ್ನ ಸೊಂಟ ಹಗುರಾದದ್ದು ಹೇಗೆ? ಬದಲಾದದ್ದು ಮಾಂಸವಲ್ಲ, ಅದಕ್ಕೆ ಕಾವಲಿರುವ ನರಮಂಡಲ. ನೋವು ಹಳತಾದಾಗ ಆ ಕಾವಲು ಅತಿಯಾಗುತ್ತದೆ; ಕಳ್ಳ ಬಂದು ಹೋಗಿ ವರ್ಷವಾದರೂ ರಾತ್ರಿಯೆಲ್ಲ ಸೀಟಿ ಊದುವ ಗೂರ್ಖನ ಹಾಗೆ. ನಿಧಾನದ, ತಡೆಯಬಲ್ಲ ಒತ್ತಡ ಸಿಕ್ಕಿದಾಗ ಅದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ, ಸುಮ್ಮನಾಗುತ್ತದೆ.

ಆ ಒಂದೆರಡು ದಿನ ಏನು ಮಾಡುತ್ತೀರಿ ಎಂಬುದೇ ಎಲ್ಲ. ನಾನು ಮಾಡುತ್ತಿದ್ದದ್ದು ಸರಳ: ಹಗುರಾದ ಬೆನ್ನನ್ನು ಹೊತ್ತು ಮನೆಗೆ ಬಂದು, ಮತ್ತೆ ಕುರ್ಚಿಯಲ್ಲಿ ಕೂತು, ಬಾಕಿ ಉಳಿದ ಫಾರಂಗಳನ್ನು ತಿದ್ದುವುದು. ವಾರ ತಿರುಗುವುದರೊಳಗೆ ಮತ್ತೆ ಮಲ್ಲೇಶ್ವರ. ಒಂದು ಸಲಕ್ಕೆ ಏಳೆಂಟು ನೂರು ರೂಪಾಯಿ.

ಇದನ್ನು ಬಿಡಿಸಿ ಹೇಳಿದ್ದು ಚಿಕಿತ್ಸಾಲಯವಲ್ಲ, ಗರಡಿ. ಬೆಂಗಳೂರಿನ ಗರಡಿಮನೆಗಳ ಮೇಲಿನ ಹಸ್ತಪ್ರತಿಯೊಂದು ಕೈಗೆ ಬಂದಿತ್ತು. ಹೆಸರುಗಳನ್ನು ಸರಿನೋಡಲು ಲೇಖಕರ ಜತೆ ಪೇಟೆಯ ಒಂದು ಹಳೆಯ ಗರಡಿಗೆ ಹೋದೆ. ಕರಗದ ವೀರಕುಮಾರರು ಸಾಮು ಮಾಡುವುದು ಇಂಥ ಗರಡಿಗಳಲ್ಲೇ. ತಗ್ಗು ಬಾಗಿಲು, ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು, ನಡುವೆ ಕೆಮ್ಮಣ್ಣಿನ ಮಟ್ಟಿ. ಇಬ್ಬರು ಹುಡುಗರು ಬೆವರು ಆರುವ ಮೊದಲೇ ಒಬ್ಬರನ್ನೊಬ್ಬರು ತಿಕ್ಕುತ್ತಿದ್ದರು. ನಾನು ಕಂಬಕ್ಕೆ ಒರಗಿದ ರೀತಿ ನೋಡಿಯೇ ಉಸ್ತಾದರಿಗೆ ಗೊತ್ತಾಗಿಹೋಯಿತು.

“ಏನ್ ಸ್ವಾಮಿ, ಸೊಂಟನಾ?”

ಹೌದೆಂದೆ, ನೀವೊಂದು ಸಲ ಮಾಲೀಷು ಮಾಡುವಿರಾ ಎಂದೂ ಕೇಳಿದೆ.

“ಸಾಮು ಮಾಡ್ದೋನಿಗೆ ಮಾಲೀಷು. ನೀವೇನು ಸಾಮು ಮಾಡಿದ್ದೀರಾ?”

ಕರಡು ತಿದ್ದಿದ್ದೇನೆ ಅನ್ನಲು ಬಾಯಿ ಬರಲಿಲ್ಲ. ಅವರು ಬೆನ್ನು ಮುಟ್ಟಲಿಲ್ಲ. ತೂಗುಹಾಕಿದ್ದ ಹಗ್ಗ ಹಿಡಿಸಿ, ಮೆಲ್ಲಗೆ ಬಸ್ಕಿ ಹೊಡೆಸಿದರು. ಕೆಳಗೆ ಇಳಿಯುವಾಗ ಬೆನ್ನು ಲಟ್ ಅಂತು. ನನಗೆ ಜೀವ ಹೋದಂತಾಯಿತು. “ಅಂದ್ರೇನಂತೆ, ಇಳೀರಿ” ಎಂದರು.

ಗರಡಿಯಲ್ಲಿ ಒತ್ತುವುದು ಬೇರೆಯ ಚಿಕಿತ್ಸೆಯಲ್ಲ. ದಂಡೆ, ಬಸ್ಕಿ, ಕುಸ್ತಿಯ ಬಾಲದಂತೆ ಬರುವ ಕೆಲಸ. ಇದು ಬಹಳ ಹಳೆಯ ಕ್ರಮ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೇ ಮಲ್ಲರ ಆಹಾರ, ವ್ಯಾಯಾಮಗಳ ವಿವರವಿದೆ. ನಮ್ಮ ಊರಿನಲ್ಲಿ ಅದನ್ನು ಹೊಸ ಕಾಲಕ್ಕೆ ಒಗ್ಗಿಸಿದವರು ಕೆ. ವಿ. ಅಯ್ಯರ್. ಓದುಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ; ಜೆ. ಸಿ. ರಸ್ತೆಯ ವ್ಯಾಯಾಮಶಾಲೆಯಲ್ಲಿ ಹಳೆ ತಲೆಮಾರಿನ ಬೆಂಗಳೂರಿಗರ ಮೈ ತಿದ್ದಿದ ಗುರು. ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಅವರೊಡನೆ ಯೋಗಾಸನ ಪ್ರದರ್ಶಿಸುತ್ತಿದ್ದ ಎಸ್. ಸುಂದರಂ ವೃತ್ತಿಯಿಂದ ವಕೀಲರು. ಕುಳಿತು ಮಾಡುವ ಕಸುಬಿನವರೇ! ಭಾರ, ಆಸನ, ಸೂರ್ಯನಮಸ್ಕಾರ ಎಲ್ಲ ಒಂದೇ ಸೂರಿನಡಿ ಇದ್ದ ಆ ಏರ್ಪಾಡಿನಿಂದ ಒತ್ತುವುದನ್ನೊಂದೇ ಕಿತ್ತು ತಂದು, ದೀಪ ಮಂದ ಮಾಡಿ, ಕೊಳಲು ಹಾಕಿ ಮಾರುವ ಈಗಿನ ಸ್ಪಾಗಳನ್ನು ಕಂಡರೆ ನನಗೆ ಉಸ್ತಾದರ ಪ್ರಶ್ನೆಯೇ ನೆನಪಾಗುತ್ತದೆ.

ಧಾರವಾಡದ ಹುಡುಗಿಗೆ ಇದನ್ನು ಹೇಳಿದಾಗ ಆಕೆ ನಕ್ಕು, “ಅದನ್ನ ಅಲ್ರಿ ನಾ ಹಾಳಿ ಮ್ಯಾಲೆ ಬರದು ಕೊಟ್ಟಿದ್ದು” ಎಂದರು. ಹೌದು, ಮೊದಲ ದಿನವೇ ಕೊಟ್ಟಿದ್ದ ಆ ಹಾಳೆ ನನ್ನ ಕರಡುಗಳ ಮಧ್ಯೆ ಎಲ್ಲೋ ಇತ್ತು. ಅದರಲ್ಲಿದ್ದದ್ದು: ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ನಿಂತು ಎದುರು-ಬದುರು ಕೈಕಾಲು ಚಾಚುವುದು, ಬೆನ್ನು ಬಗ್ಗಿಸದೆ ಸೊಂಟದ ಕೀಲಿನಲ್ಲಿ ಬಾಗಿ ಬಕೆಟ್ ಎತ್ತುವುದು, ಒಂದೇ ಕೈಯಲ್ಲಿ ಭಾರ ಹಿಡಿದು ವಾಲದೆ ನಡೆಯುವುದು. ಕಡೆಯದಕ್ಕೆ ನಾನು ಗಾಂಧಿ ಬಜಾರಿನ ತರಕಾರಿ ಚೀಲವನ್ನೇ ಹಚ್ಚಿಕೊಂಡೆ. ಬರುವಾಗ ಅರ್ಧ ದಾರಿ ಎಡಗೈ, ಅರ್ಧ ದಾರಿ ಬಲಗೈ. ಬೆಳಿಗ್ಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಹೊಕ್ಕು ಬಂಡೆ ಹತ್ತುತ್ತೇನೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಒತ್ತಿಸಿಕೊಳ್ಳುವುದನ್ನು ಬಿಟ್ಟಿಲ್ಲ, ಆದರೆ ಕ್ರಮ ತಿರುಗಿದೆ. ಹೋಗುವ ದಿನ ಕರಡು ಇಟ್ಟುಕೊಳ್ಳುವುದಿಲ್ಲ. ಮಂಚದಿಂದ ಎದ್ದ ಕೂಡಲೇ, ಹಿಂದೆ ಯಾವುದು ಆಗುತ್ತಿರಲಿಲ್ಲವೋ ಅದನ್ನು ಆಕೆಯ ಎದುರೇ ಮಾಡಬೇಕು. ಬಗ್ಗಿ ಕಾಲುಚೀಲ ಹಾಕಿಕೊಳ್ಳುವುದೂ ಅದರಲ್ಲಿ ಸೇರಿದೆ. ಅಕ್ಟೋಬರಿನಲ್ಲಿ ಈಗಲೂ ಎಡಗಡೆ ಹಿಡಿಯುತ್ತದೆ. ಹಿಡಿದರೆ ಹೆದರುವುದಿಲ್ಲ, ಹಲಗೆಯ ಮೇಲೂ ಮಲಗುವುದಿಲ್ಲ. ಕ್ಷೌರದಂಗಡಿಯಲ್ಲಿ ತಲೆ ಒತ್ತಿದ ಮೇಲೆ ಗದ್ದ ಹಿಡಿದು ಕತ್ತಿನ ನೆಟಿಗೆ ಮುರಿಯುವ ಸೇವೆಯನ್ನು ಮಾತ್ರ ಪೂರಾ ನಿಲ್ಲಿಸಿದ್ದೇನೆ. ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿಯುವುದು ಅಪರೂಪ ನಿಜ, ಆದರೆ ಇಪ್ಪತ್ತು ರೂಪಾಯಿ ಭಕ್ಷೀಸಿನ ಸುಖಕ್ಕೆ ಅದು ದುಬಾರಿ.

ಈಗ ನಮ್ಮ ಬೀದಿಯವರು ಮಲ್ಲೇಶ್ವರದ ವಿಳಾಸ ಕೇಳುತ್ತಾರೆ. ಕೊಡುವ ಮೊದಲು ನಾನೂ ಮೂರು ಪ್ರಶ್ನೆ ಕೇಳುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಮೂಳೆ ಟೊಳ್ಳಾಗಿದೆ ಎಂದು ಡಾಕ್ಟರು ಹೇಳಿದ್ದಾರೆಯೇ, ಕಾಲು ಜೋಮು ಹಿಡಿಯುವುದೋ ಮೂತ್ರ ಹಿಡಿತ ತಪ್ಪುವುದೋ ಆಗಿದೆಯೇ. ಹೋದ ತಿಂಗಳು ಎದುರುಮನೆಯ ಆಂಟಿ ಮೂರನೆಯದಕ್ಕೆ ಸ್ವಲ್ಪ ಸಂಕೋಚಪಟ್ಟುಕೊಂಡು, ಎರಡು ದಿನದಿಂದ ಕೂರುವ ಜಾಗವೇ ಮರಗಟ್ಟಿದಂತಿದೆ, ಬಾತ್‌ರೂಮಿಗೆ ಹೋದದ್ದೂ ಗೊತ್ತಾಗುತ್ತಿಲ್ಲ ಎಂದರು. ವಿಳಾಸ ಕೊಡಲಿಲ್ಲ. ಅವರ ಮಗನನ್ನು ಕೂಗಿ, ಆಟೋ ತರಿಸಿ, ನೇರ ವಿಕ್ಟೋರಿಯಾ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಕಳಿಸಿದೆ.