ಹದಿನಾಲ್ಕು ಸಾವಿರದ ಕಾಯಿಲ್

ಆರು ವರ್ಷ ಹಳೆಯ ಏಸಿಗೆ 14,000 ರೂಪಾಯಿ ಕೊಟ್ಟು ಹೊಸ ಕೂಲಿಂಗ್ ಕಾಯಿಲ್ ಹಾಕಿಸಿದೆ. ವಿಷಯ ಗೊತ್ತಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಇನ್ನೊಂದಿಷ್ಟು ಹಾಕಿದ್ದರೆ ಹೊಸದೇ ಬರ್ತಿತ್ತಲ್ಲ?’ ಆ ಇನ್ನೊಂದಿಷ್ಟು ಅಂದರೆ 26,000 ರೂಪಾಯಿ. ಕೇಳಿದವರಲ್ಲಿ ಒಬ್ಬರೂ ಅದನ್ನು ಕೂಡಿ ಕಳೆದು ನೋಡಿರಲಿಲ್ಲ. ಅಂಗಡಿಯಲ್ಲೂ ಒಟ್ಟು ಮೊತ್ತದ ಮಾತೆತ್ತಲಿಲ್ಲ, ತಿಂಗಳ ಕಂತು ಎಷ್ಟೆಂದು ಮಾತ್ರ ಹೇಳಿದರು. ಹಾಗಾಗಿ ಈ ವಾರ ಆ ಲೆಕ್ಕವನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಬೇಸಿಗೆಗೆ ಏಸಿ ಕೆಡುವುದು ಸಣ್ಣ ಸಂಗತಿಯಲ್ಲ. ಏಪ್ರಿಲ್, ಮೇ ಬಂತೆಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಹಗಲೆಲ್ಲ 42-43 ಡಿಗ್ರಿಯಲ್ಲಿ ಕಾದ ಛತ್ತು ರಾತ್ರಿ ಹನ್ನೊಂದಾದರೂ ಕೋಣೆಯೊಳಗೆ ಕಾವು ಇಳಿಸುತ್ತಲೇ ಇರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯವರಿದ್ದಾರೆ. ಅವರ ಕೋಣೆಯ ಏಸಿ ನಿಂತರೆ ಅದಕ್ಕೆ ಆ ರಾತ್ರಿಯೇ ಏನಾದರೂ ದಾರಿ ಆಗಬೇಕು. ಜನ ಯೋಚಿಸದೆ ದುಡ್ಡು ಬಿಚ್ಚುವುದು ಇಂಥ ತುರ್ತಿನಲ್ಲೇ.

ಕೆಟ್ಟಿದ್ದು ಹೀಗೆ. ಒಳಗಿನ ಯೂನಿಟ್ಟಿನಿಂದ ಗಾಳಿ ಬರುತ್ತಿತ್ತು, ತಂಪಿರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನಾವೇ ನೋಡಬಹುದಾದ್ದನ್ನೆಲ್ಲ ನೋಡಿದೆವು. ರಿಮೋಟ್ ‘ಕೂಲ್’ನಲ್ಲೇ ಇತ್ತು. ಎಂಸಿಬಿ ಬಿದ್ದಿರಲಿಲ್ಲ. ಸ್ಟೆಬಿಲೈಜರ್ 220ರ ಆಸುಪಾಸು ತೋರಿಸುತ್ತಿತ್ತು. ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿದು ಕಂಪ್ರೆಸರ್ ಏಳದಿದ್ದಾಗ ಏಸಿಯೇ ಕೆಟ್ಟಿತೆಂದು ತಿಳಿದು ದುಡ್ಡು ಕೊಟ್ಟವರನ್ನು ಕಂಡಿದ್ದೇನೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಫಿಲ್ಟರ್ ತೊಳೆದೆವು. ಮೇನ್ ಆಫ್ ಮಾಡಿ, ಛತ್ತಿನ ಮೇಲಿನ ಔಟ್‌ಡೋರ್ ಯೂನಿಟ್ಟಿಗೆ ಮೆತ್ತಿದ್ದ ಧೂಳು ಹೋಗುವಂತೆ ಪೈಪಿನಿಂದ ನೀರು ಬಿಟ್ಟೆವು. ಮತ್ತೆ ಹಾಕಿದಾಗ ಫ್ಯಾನ್ ತಿರುಗಿತು, ಕಂಪ್ರೆಸರಿನ ಸದ್ದೂ ಬಂತು. ಆದರೆ ಎರಡು ತಾಮ್ರದ ಪೈಪುಗಳಲ್ಲಿ ಸಣ್ಣದರ ಮೇಲೆ ಬಿಳಿ ಮಂಜು ಕಟ್ಟಿತ್ತು, ದಪ್ಪದ್ದನ್ನು ಮುಟ್ಟಿದರೆ ತಣ್ಣಗಿರಲಿಲ್ಲ. ಗ್ಯಾಸ್ ಕಡಿಮೆಯಾದಾಗ ಹೀಗಾಗುತ್ತದೆ.

ಮೊದಲು ಬಂದ ಮೆಕ್ಯಾನಿಕ್ ಗೇಜ್ ಹಚ್ಚಿ ಹೇಳಿದ್ದೂ ಅದನ್ನೇ.

‘ಗ್ಯಾಸ್ ಕಮ್ಮಿ ಆಗ್ಯಾದ್ರಿ ಅಕ್ಕಾರ, ತುಂಬಿದ್ರ ಸರಿ ಹೋಗ್ತದ.’

‘ಇದ್ದ ಗ್ಯಾಸ್ ಎಲ್ಲಿ ಹೋತಪ್ಪ?’

‘ಆರು ವರ್ಷ ಆತಲ್ರಿ, ಕಮ್ಮಿ ಆಗೇ ಆಗ್ತದ.’

ಈ ಒಂದು ಮಾತಿಗೆ ಎಷ್ಟೋ ಮನೆಗಳು ಬೇಸಿಗೆ ಬೇಸಿಗೆಗೂ ಎರಡೂವರೆ, ಮೂರು ಸಾವಿರ ತೆರುತ್ತಿವೆ. ಏಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಒಮ್ಮೆ ದ್ರವವಾಗಿ, ಒಮ್ಮೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಹತ್ತು ವರ್ಷವಾದರೂ ಅದು ಕಡಿಮೆಯಾಗಬೇಕಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ತೂತಿನಿಂದ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲೂ 2,800 ರೂಪಾಯಿಗೆ ಕೆಲವು ವಾರದ ತಂಪಷ್ಟೇ ಸಿಕ್ಕಿತು.

ಎರಡನೆಯ ಸಲ ಬೇರೆಯವರನ್ನು ಕರೆದೆ. ಫೋನಿನಲ್ಲೇ ಮೂರು ಮಾತು ಕೇಳಿದೆ. ನೈಟ್ರೋಜನ್ ಸಿಲಿಂಡರ್ ತರ್ತೀರಾ? ವ್ಯಾಕ್ಯೂಮ್ ಪಂಪ್ ಇದೆಯಾ? ಗ್ಯಾಸ್ ತೂಗಿ ಹಾಕ್ತೀರಾ? ಎಷ್ಟು ಗ್ರಾಂ ಗ್ಯಾಸ್ ಬೇಕೆಂದು ಔಟ್‌ಡೋರ್ ಯೂನಿಟ್ಟಿನ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ, ಅಂದಾಜಿನಲ್ಲಿ ತುಂಬುವ ಅಗತ್ಯವೇ ಇಲ್ಲ. ಮೂರಕ್ಕೂ ಹೌದು ಎಂದವರು ಬಂದರು. ಒಳಗಿನ ಯೂನಿಟ್ಟಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟಾಗ, ಕಾಯಿಲಿನ ತುದಿಯಲ್ಲಿ ತಾಮ್ರದ ಕೊಳವೆ ಬಾಗುವ ಕಡೆ ಹೆಬ್ಬೆರಳಗಲದ ಎಣ್ಣೆ ಕಲೆ ಕಂಡಿತು. ಅದಕ್ಕೆ ಧೂಳು ಅಂಟಿ ಕರ್ರಗಾಗಿತ್ತು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವಲ್ಲಿ ಹೀಗೆ ಜಿಡ್ಡು ಕಟ್ಟುತ್ತದೆಯಂತೆ. ನೈಟ್ರೋಜನ್ 300 ಪಿಎಸ್‌ಐವರೆಗೆ ಏರಿಸಿ ಸೋಪಿನ ನೊರೆ ಹಚ್ಚಿದರು. ಪೈಪು ಕೂಡುವ ನಟ್ಟುಗಳ ಹತ್ತಿರ ಏನೂ ಇಲ್ಲ. ಆ ಕಲೆಯ ಮೇಲೆ ಮಾತ್ರ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೆ ಒಂದು ಏಳತೊಡಗಿದವು. ನಾಲ್ಕು ಬೆರಳು ಕೆಳಗೆ ಇನ್ನೊಂದು ಕಡೆಯೂ ಎದ್ದವು.

‘ಬ್ರೇಜಿಂಗ್ ಮಾಡಿ ಕೊಡ್ತೀನ್ರಿ ಅಕ್ಕಾರ. ಆದ್ರ ಎರಡು ಕಡೆ ತೂತು ಬಿದ್ದದ, ನಾಳೆ ಮೂರನೇದು ಬೀಳಂಗಿಲ್ಲ ಅಂತ ನಾ ಹೆಂಗ ಹೇಳ್ಲಿ?’

ಪತ್ತೆ ಹಚ್ಚಿದ್ದಕ್ಕೆಂದೇ ಬೇರೆಯಾಗಿ 800 ರೂಪಾಯಿ ತೆಗೆದುಕೊಂಡರು. ಕೊಡಬೇಕಾದ ದುಡ್ಡೇ. ಆ ತಪಾಸಣೆ ಆಗದೆ ಮುಂದಿನ ಲೆಕ್ಕಕ್ಕೆ ಕೂರುವಂತೆಯೇ ಇರಲಿಲ್ಲ.

ಲೆಕ್ಕ ನೋಡಿ. ಹೊಸ ಕಾಯಿಲ್, ಗ್ಯಾಸ್, ಕೂಲಿ ಎಲ್ಲ ಸೇರಿ 14,000. ಅದೇ ಒಂದೂವರೆ ಟನ್ನಿನ ಹೊಸ ಫೈವ್ ಸ್ಟಾರ್ ಇನ್ವರ್ಟರ್ ಏಸಿಗೆ 42,000, ಸ್ಟ್ಯಾಂಡು, ಪೈಪು, ಫಿಟ್ಟಿಂಗಿಗೆ 2,500, ಹಳೆಯದಕ್ಕೆ ಎಕ್ಸ್‌ಚೇಂಜ್ 4,500 ಕಳೆದರೆ 40,000. ವ್ಯತ್ಯಾಸ 26,000.

‘ಕರೆಂಟ್ ಬಿಲ್ಲಿನಲ್ಲೇ ವಾಪಸ್ ಬರುತ್ತೆ ಮೇಡಂ’ ಎಂದರು ಅಂಗಡಿಯಲ್ಲಿ. ಬರುತ್ತದೆಯೋ ನೋಡೋಣ. ಏಸಿಯ ಮೇಲೆ ಅಂಟಿಸಿರುವ ಬಿಇಇ ಪಟ್ಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಕ್ಷತ್ರ ಎಣಿಸಬೇಡಿ, ಅದರ ಮಾನದಂಡ ಆಗಾಗ ಬದಲಾಗುತ್ತದೆ. ಯೂನಿಟ್ಟಿನ ಅಂಕಿಯನ್ನೇ ಓದಿ. ನಮ್ಮ ಹಳೆಯ ತ್ರೀ ಸ್ಟಾರಿನದು ಸುಮಾರು 1,000, ಹೊಸ ಫೈವ್ ಸ್ಟಾರಿನದು ಸುಮಾರು 750. ಆದರೆ ಆ ಅಂಕಿ ವರ್ಷಕ್ಕೆ 1,600 ಗಂಟೆ ಓಡಿಸಿದರೆ ಬರುವಂಥದ್ದು. ನಮ್ಮಲ್ಲಿ ಮಾರ್ಚಿನಿಂದ ಮಳೆ ಹಿಡಿಯುವವರೆಗೆ ನೂರು ರಾತ್ರಿ, ರಾತ್ರಿಗೆ ಎಂಟು ಗಂಟೆ ಎಂದು ಹಿಡಿದರೂ 800 ಗಂಟೆ, ಅಂದರೆ ಅದರ ಅರ್ಧ. ಉಳಿತಾಯವೂ ಅರ್ಧವಾಗಿ 125 ಯೂನಿಟ್‌ಗೆ ಇಳಿಯಿತು. ಸರ್ಚಾರ್ಜು, ತೆರಿಗೆ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಾಕಿಕೊಳ್ಳಿ: ವರ್ಷಕ್ಕೆ 875 ರೂಪಾಯಿ. 26,000ವನ್ನು 875ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೂವತ್ತು ವರ್ಷ! ಆ 26,000 ಬ್ಯಾಂಕಿನ ಎಫ್‌ಡಿಯಲ್ಲಿ ಆರೂವರೆ ಪರ್ಸೆಂಟಿಗೆ ಕೂತರೆ ವರ್ಷಕ್ಕೆ 1,690 ಬಡ್ಡಿ. ಕರೆಂಟಿನ ಉಳಿತಾಯದ ಹೆಚ್ಚುಕಡಿಮೆ ಎರಡರಷ್ಟು.

ಹೊಸ ಮೆಷೀನ್ ಹೆಚ್ಚು ಕಾಲ ಬಾಳುತ್ತದೆ, ಅದನ್ನು ಬಿಟ್ಟರೆ ಲೆಕ್ಕ ಪ್ರಾಮಾಣಿಕವಾಗದು. 40,000ದ ಏಸಿ ಹತ್ತು ವರ್ಷ ಬಂದರೆ ವರ್ಷಕ್ಕೆ 4,000. ರಿಪೇರಿ ಮಾಡಿದ್ದು ಐದು ವರ್ಷ ಬಂದರೆ ವರ್ಷಕ್ಕೆ 2,800, ಹೆಚ್ಚಿನ ಕರೆಂಟಿನ 875 ಸೇರಿ 3,675. ನಾಲ್ಕೂವರೆ ವರ್ಷ ನಡೆದರೆ ಎರಡೂ ಸಮ. ಕೈಯಲ್ಲುಳಿದ ದುಡ್ಡಿನ ಬಡ್ಡಿಯನ್ನೂ ಹಿಡಿದರೆ ಮೂರೂವರೆ ವರ್ಷಕ್ಕೇ ಸಮ ಬರುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನು ನಾಲ್ಕು ವರ್ಷ ಇದು ನಡೆಯುತ್ತದೆಯೇ? ದೊಡ್ಡ ಖರ್ಚಿನ ಭಯ ಇರುವುದು ಕಂಪ್ರೆಸರ್‌ನಲ್ಲಿ. ಬೀರುವಿನಿಂದ ವಾರಂಟಿ ಕಾರ್ಡ್ ತೆಗೆದು ನೋಡಿದೆ. ಕಂಪ್ರೆಸರಿಗೆ ಹತ್ತು ವರ್ಷ, ಅದರಲ್ಲಿ ನಾಲ್ಕು ಇನ್ನೂ ಬಾಕಿ. ಕೆಟ್ಟರೆ ಗ್ಯಾಸು, ಕೂಲಿ ನಮ್ಮದು, ಕಂಪ್ರೆಸರ್ ಅವರದು. ಅಲ್ಲಿಗೆ ನಿರ್ಧಾರ ಮುಗಿಯಿತು. ಆ ಕಾರ್ಡ್ ಸಿಗದಿದ್ದರೆ, ಅಥವಾ ಏಸಿಗೆ ಒಂಬತ್ತು ವರ್ಷ ಆಗಿದ್ದರೆ, ನಾನು 14,000 ಹಾಕುತ್ತಿರಲಿಲ್ಲ.

ಇಷ್ಟರ ನಡುವೆ ಎಎಂಸಿ ಮಾರಲು ಬಂದ ಫೋನುಗಳ ಬಗ್ಗೆ ಹೇಳಲೇಬೇಕು, ಸಿಟ್ಟು ಇನ್ನೂ ಆರಿಲ್ಲ. ವರ್ಷಕ್ಕೆ 5,500, ‘ಕಾಂಪ್ರಹೆನ್ಸಿವ್, ಎಲ್ಲಾ ಕವರ್ ಆಗುತ್ತೆ’. ಕರಾರು ಕಳಿಸಿ ಎಂದು ಹಟ ಹಿಡಿದ ಮೇಲೆ ಕಳಿಸಿದರು. ಅದರಲ್ಲಿ ಪ್ಲಾಸ್ಟಿಕ್ ಭಾಗ ಇಲ್ಲ, ತಾಮ್ರದ ಪೈಪು ಇಲ್ಲ, ವೋಲ್ಟೇಜಿನಿಂದ ಸುಟ್ಟದ್ದು ಇಲ್ಲ, ಸವೆತದಿಂದ ತೂತಾದ ಕಾಯಿಲೂ ಇಲ್ಲ. ಜೊತೆಗೆ, ಸೇರುವ ದಿನ ಏಸಿ ಚೆನ್ನಾಗಿ ನಡೆಯುತ್ತಿರಬೇಕು. ಯಾವ ರಿಪೇರಿಗೆ ಹೆದರಿ ಜನ ದುಡ್ಡು ಕಟ್ಟುತ್ತಾರೋ ಅದನ್ನೇ ಸಣ್ಣಕ್ಷರದಲ್ಲಿ ಹೊರಗಿಟ್ಟು, ಉಳಿದದ್ದನ್ನು ‘ಎಲ್ಲಾ’ ಎಂದು ಮಾರುವುದು ನನಗೆ ವ್ಯಾಪಾರವಾಗಿ ಕಾಣುವುದಿಲ್ಲ. ವರ್ಷಕ್ಕೆ ಎರಡು ವೆಟ್ ಸರ್ವಿಸ್ ಮಾಡಿಸಿದರೆ 1,200. ಉಳಿದ 4,300ವನ್ನು ಆರ್‌ಡಿಗೆ ಹಾಕಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟೇ 21,500. ಅದು ಕಾಯಿಲಿಗೂ ಆಗುತ್ತದೆ, ಫ್ರಿಜ್ಜಿಗೂ ಆಗುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು: ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ದೊಡ್ಡ ಖರ್ಚಿಗೆ ಒಪ್ಪಬೇಡಿ. ಅಟ್ಟದ ಮೇಲಿದ್ದ ಹಳೆಯ ಕೂಲರ್ ಇಳಿಸಿ, ಹುಲ್ಲಿನ ಪ್ಯಾಡ್ ಬದಲಿಸಿ, ಕಿಟಕಿಗೆ ಇಟ್ಟಿದ್ದರಿಂದಲೇ ನಮಗೆ ವಿಚಾರಿಸಲು, ಎರಡು ಕಡೆ ದರ ಕೇಳಲು ಸಮಯ ಸಿಕ್ಕಿದ್ದು. ನಮ್ಮ ಕಡೆಯ ಒಣ ಸೆಕೆಗೆ ಕೂಲರ್ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಬೆವರಿಗೆ ಅದು ಉಪಯೋಗವಿಲ್ಲ, ಅಲ್ಲಿನವರು ಒಂದೆರಡು ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವುದೋ, ನೆಂಟರ ಮನೆಯೋ ನೋಡಿಕೊಳ್ಳಬೇಕು. ಸರ್ವಿಸ್ ಫೆಬ್ರವರಿಯಲ್ಲೇ ಮಾಡಿಸಿ, ಏಪ್ರಿಲಿನಲ್ಲಿ ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿರುವುದಿಲ್ಲ, ಗಡಿಬಿಡಿಯಲ್ಲಿ ಗ್ಯಾಸ್ ತುಂಬಿ ಓಡುತ್ತಾರೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ಮನೆಯವರೇ ತೊಳೆಯಬಹುದು. 2020ರ ಜನವರಿಯಿಂದ ಸ್ಟಾರ್ ಪಟ್ಟಿಯ ಏಸಿಗಳು 24 ಡಿಗ್ರಿಯಲ್ಲೇ ಆನ್ ಆಗುವಂತೆ ಬರುತ್ತಿವೆ. ಅದನ್ನು 18ಕ್ಕೆ ಇಳಿಸಿದ ಮಾತ್ರಕ್ಕೆ ಕೋಣೆ ಬೇಗ ತಣ್ಣಗಾಗುವುದಿಲ್ಲ. ಸೀಲಿಂಗ್ ಫ್ಯಾನ್ ಹಾಕಿ, 26ರಲ್ಲಿ ಮಲಗಿ ನೋಡಿ.

ನನ್ನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಮುಖ್ಯವಾಗಿ ಗೃಹಜ್ಯೋತಿ ಇದ್ದವರಿಗೆ. ಅಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು, ದಾಟದಿದ್ದರೆ ನಿಮ್ಮ ಪಾಲಿನ ಉಚಿತ ಯೂನಿಟ್ ಕಳೆದು ಉಳಿದದ್ದಕ್ಕೆ ಮಾತ್ರ. ಏಸಿ ಬಿಟ್ಟು 80 ಯೂನಿಟ್ ಖರ್ಚಾಗುವ, 88 ಯೂನಿಟ್ ಉಚಿತವಿರುವ ಮನೆಯೊಂದನ್ನು ತೆಗೆದುಕೊಳ್ಳಿ. ಹಳೆಯ ಏಸಿ ತಿಂಗಳಿಗೆ 150 ಯೂನಿಟ್ ಎಳೆದರೆ ಒಟ್ಟು 230, ಅಷ್ಟಕ್ಕೂ ಬಿಲ್. ಹೊಸದು 112 ಎಳೆದರೆ ಒಟ್ಟು 192, ಕಟ್ಟುವುದು 104ಕ್ಕೆ. ತಿಂಗಳಿಗೆ 126 ಯೂನಿಟ್, 880 ರೂಪಾಯಿಯ ಅಂತರ. ನನಗೆ ವರ್ಷಕ್ಕೆ ಉಳಿಯುತ್ತಿದ್ದದ್ದು ಅವರಿಗೆ ಒಂದೇ ತಿಂಗಳಲ್ಲಿ ಉಳಿಯುತ್ತದೆ. ಅಂಥವರು ಹೋದ ವರ್ಷದ ಮೇ ಬಿಲ್ ಎದುರಿಗಿಟ್ಟುಕೊಂಡು ಹೊಸದರ ಬೆಲೆ ಕೇಳಲಿ.

ಔಟ್‌ಡೋರ್ ಯೂನಿಟ್ಟಿನ ಪಟ್ಟಿಯ ಮೇಲೆ ಆರ್-22 ಎಂದಿದ್ದರೂ ಕಾಯಿಲ್ ಹಾಕಿಸಲು ಹೋಗಬೇಡಿ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದಂತೆ ನಮ್ಮ ದೇಶ 2030ರ ಹೊತ್ತಿಗೆ ಕೈಬಿಡುತ್ತಿದೆ. ಹೊಸದನ್ನೇ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣುತ್ತಿದೆಯೇ ನೋಡಿ. ಎಕ್ಸ್‌ಚೇಂಜಿಗೆ ಒಪ್ಪುವ ಮೊದಲು ಹಳೆಯದರ ತಾಮ್ರಕ್ಕೆ ಗುಜರಿಯವರು ಎಷ್ಟು ಕೊಡುತ್ತಾರೆ ಎಂದೂ ಒಂದು ಮಾತು ಕೇಳಿಕೊಳ್ಳಿ.