ತೆರೆಯ ಮೇಲೆ ಮೂಡುವ ಅಕ್ಷರಕ್ಕೆ ಮಾತ್ರೆಯ ಲೆಕ್ಕ

ಊರಿನ ಇತಿಹಾಸ, ಶಾಸನ, ಜಾತ್ರೆಗಳನ್ನು ಕುರಿತು ವಿದ್ಯಾರ್ಥಿಗಳು ಕಿರುಚಿತ್ರ ತಯಾರಿಸುವುದು ಇಂದು ಸಾಮಾನ್ಯವಾಗಿದೆ. ಅಂತಹ ಚಿತ್ರಗಳಲ್ಲಿ ದೃಶ್ಯದ ಮೇಲೆ ಊರಿನ ಹೆಸರು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡುವುದೂ ರೂಢಿ. ಈ ಚಲನೆಯ ವೇಗವನ್ನು ಗೊತ್ತುಮಾಡುವುದು ತಂತ್ರಜ್ಞಾನದ ವಿಷಯವೆಂದು ತೋರಿದರೂ, ಕನ್ನಡದ ಮಟ್ಟಿಗೆ ಅದು ಲಿಪಿ ಮತ್ತು ಛಂದಸ್ಸುಗಳಿಗೆ ಸಂಬಂಧಿಸಿದ ವಿಷಯವೂ ಹೌದು. ಹಿಂದೂಪುರ ಮತ್ತು ಕಲ್ಯಾಣದುರ್ಗ ಎಂಬ ಗಡಿನಾಡಿನ ಎರಡು ಹೆಸರುಗಳನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಗಣಕದಲ್ಲಿ ಕನ್ನಡದ ಒಂದು ಅಕ್ಷರ ಹಲವು ಯೂನಿಕೋಡ್ ಸಂಕೇತಗಳಿಂದ ಕೂಡಿರುತ್ತದೆ. 'ಹಿಂದೂಪುರ' ಎಂಬಲ್ಲಿ ಅಕ್ಷರಗಳು 4, ಸಂಕೇತಗಳು 8. 'ಕಲ್ಯಾಣದುರ್ಗ' ಎಂಬಲ್ಲಿ ಅಕ್ಷರಗಳು 5, ಸಂಕೇತಗಳು 11. 'ಲ್ಯಾ' ಎಂಬ ಒಂದೇ ಅಕ್ಷರದಲ್ಲಿ ಲಕಾರ, ಹಲಂತಚಿಹ್ನೆ, ಯಕಾರ, ದೀರ್ಘಚಿಹ್ನೆ ಎಂದು ನಾಲ್ಕು ಸಂಕೇತಗಳಿವೆ. 'ಟೈಪ್‌ರೈಟರ್' ಮಾದರಿಯ ಚಲನೆ ಕೆಲವು ತಂತ್ರಾಂಶಗಳಲ್ಲಿ ಈ ಸಂಕೇತಗಳನ್ನೇ ಎಣಿಸುತ್ತದೆ. ಸಂಕೇತವೊಂದಕ್ಕೆ 2 ಫ್ರೇಮ್ ಕೊಟ್ಟರೆ 'ಣ' 2 ಫ್ರೇಮುಗಳಲ್ಲಿ ಮುಗಿಯುತ್ತದೆ, 'ಲ್ಯಾ' 8 ಫ್ರೇಮುಗಳನ್ನು ತೆಗೆದುಕೊಳ್ಳುತ್ತದೆ. ನಡಿಗೆ ಎಡವಿದಂತೆ ಕಾಣುವುದಕ್ಕೆ ಇದೇ ಕಾರಣ.

'ರ್ಗ' ಎಂಬಲ್ಲಿ ತೊಡಕು ಇನ್ನೂ ಹೆಚ್ಚು. ಮೊದಲು ಪೂರ್ಣ 'ರ' ಮೂಡುತ್ತದೆ, ಬಳಿಕ ಅದು 'ರ್' ಆಗುತ್ತದೆ. ಗಕಾರ ಬಂದೊಡನೆ ಆ ಜಾಗದಲ್ಲಿ 'ಗ' ನಿಂತು, ರೇಫವು ಅರ್ಕಾವತ್ತಾಗಿ ಅದರ ಬಲಕ್ಕೆ ಹಾರುತ್ತದೆ. ಇದೇ ಹೆಸರನ್ನು ತೆಲುಗಿನಲ್ಲಿ ಬರೆದಾಗ ಇಂದಿನ ರೂಢಿಯಂತೆ ರಕಾರ ಸ್ಥಳದಲ್ಲಿಯೇ ಉಳಿಯುತ್ತದೆ, ಗಕಾರ ಅದಕ್ಕೆ ಒತ್ತಾಗಿ ಸೇರುತ್ತದೆ. ಆದ್ದರಿಂದ ತೆಲುಗು ಶೀರ್ಷಿಕೆಗೆ ಒಪ್ಪುವಂತೆ ಹೊಂದಿಸಿದ ಚಲನೆಯನ್ನು ಹಾಗೆಯೇ ಕನ್ನಡಕ್ಕೆ ಅಳವಡಿಸಿದರೆ ಅಕ್ಷರ ಕಣ್ಣೆದುರೇ ಒಡೆದಂತೆ ಕಾಣುತ್ತದೆ. ಎರಡೂ ಲಿಪಿಗಳು ಅಕ್ಕಪಕ್ಕದಲ್ಲಿ ಬಳಕೆಯಲ್ಲಿರುವ ಪ್ರದೇಶದಲ್ಲಿ ಈ ಭೇದವನ್ನು ಅರಿತಿರುವುದು ಅಗತ್ಯ.

ಹಾಗಾದರೆ ವೇಗಕ್ಕೆ ಅಳತೆಗೋಲು ಯಾವುದು? ನಮ್ಮ ಛಂದಶ್ಶಾಸ್ತ್ರದ ಮಾತ್ರೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲಘುವಿಗೆ 1, ಗುರುವಿಗೆ 2 ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಇದರಂತೆ 'ಹಿಂದೂಪುರ' 2, 2, 1, 1 ಎಂದು 6 ಮಾತ್ರೆಗಳಾಗುತ್ತದೆ. 'ಕಲ್ಯಾಣದುರ್ಗ' 2, 2, 1, 2, 1 ಎಂದು 8 ಮಾತ್ರೆಗಳಾಗುತ್ತದೆ. ಸೆಕೆಂಡಿಗೆ 25 ಫ್ರೇಮುಗಳ ಚಿತ್ರದಲ್ಲಿ ಮಾತ್ರೆಯೊಂದಕ್ಕೆ 3 ಫ್ರೇಮ್ ಇಟ್ಟರೆ ಮೊದಲ ಹೆಸರು 18 ಫ್ರೇಮುಗಳಲ್ಲಿ, ಎರಡನೆಯದು 24 ಫ್ರೇಮುಗಳಲ್ಲಿ ಮೂಡುತ್ತದೆ. ಹಿನ್ನೆಲೆಯ ಧ್ವನಿ ನಿಧಾನವಾಗಿದ್ದರೆ ಮಾತ್ರೆಗೆ 4 ಫ್ರೇಮ್ ಇಡಬಹುದು. ಆಗ ಬರಹ ಮತ್ತು ಉಚ್ಚಾರಣೆ ಜೊತೆಜೊತೆಯಾಗಿ ಸಾಗುತ್ತವೆ.

ಇದನ್ನು ಸಾಧಿಸುವ ಕ್ರಮ ಸರಳವಾದುದು. ಟೈಪ್‌ರೈಟರ್ ಚಲನೆಯನ್ನು ಬಿಟ್ಟು ಪೂರ್ಣ ಪದವನ್ನು ಒಂದು ಲೇಯರಿನಲ್ಲಿ ಬರೆಯಬೇಕು. ಅದನ್ನು ಮಾಸ್ಕಿನಿಂದ ಮರೆಮಾಡಿ, ಮಾಸ್ಕನ್ನು ಎಡದಿಂದ ಬಲಕ್ಕೆ ಸರಿಸುತ್ತ ಪದವನ್ನು ತೆರೆಯಬೇಕು. ಪದ ಮೊದಲೇ ಪೂರ್ಣವಾಗಿ ರೂಪುಗೊಂಡಿರುವುದರಿಂದ ಯಾವ ಒತ್ತೂ ಸ್ಥಳ ಬದಲಿಸದು. 'ಕಲ್ಯಾಣದುರ್ಗ'ಕ್ಕೆ 0, 6, 12, 15, 21, 24ನೆಯ ಫ್ರೇಮುಗಳಲ್ಲಿ ಕೀಫ್ರೇಮ್ ಇಟ್ಟು, ಪ್ರತಿಯೊಂದರಲ್ಲಿಯೂ ಮಾಸ್ಕಿನ ಅಂಚನ್ನು ಆಯಾ ಅಕ್ಷರದ ಕೊನೆಗೆ ತರಬೇಕು. ಒತ್ತು ಬಲಕ್ಕೆ ಚಾಚಿರುವಲ್ಲಿ ಅಂಚನ್ನು ಕಣ್ಣಳತೆಯಿಂದಲೇ ನಿರ್ಧರಿಸಬೇಕಾಗುತ್ತದೆ. ಕೀಫ್ರೇಮುಗಳ ನಡುವಿನ ಚಲನೆ ಸಮಗತಿಯಲ್ಲಿರಲಿ. ಅಕ್ಷರಕ್ಕೊಮ್ಮೆ ನಿಧಾನವಾಗಿ ಮತ್ತೆ ವೇಗ ಪಡೆಯುವ ಚಲನೆ ಓದನ್ನು ತಡೆಯುತ್ತದೆ.

ಸಿದ್ಧವಾದ ಚಲನಚಿತ್ರಿಕೆಯ ವೇಗವನ್ನು ಬದಲಿಸುವಾಗ ಇನ್ನೊಂದು ಎಚ್ಚರ ಬೇಕು. 48 ಫ್ರೇಮುಗಳಲ್ಲಿ ಮೂಡಿ, 75 ಫ್ರೇಮುಗಳಷ್ಟು ಕಾಲ, ಅಂದರೆ 3 ಸೆಕೆಂಡು, ನಿಲ್ಲುವ ಹೆಸರೊಂದಿದೆ ಎಂದುಕೊಳ್ಳೋಣ. ಇಡೀ ಕ್ಲಿಪ್ಪಿನ ವೇಗವನ್ನು ಶೇಕಡಾ 200ಕ್ಕೆ ಏರಿಸಿದರೆ ಮೂಡುವ ಕಾಲ 24 ಫ್ರೇಮುಗಳಿಗೆ ಇಳಿಯುತ್ತದೆ, ಜೊತೆಗೆ ನಿಲ್ಲುವ ಕಾಲವೂ ಒಂದೂವರೆ ಸೆಕೆಂಡಿಗೆ ಕುಗ್ಗುತ್ತದೆ. ಆದ್ದರಿಂದ ಚಲನೆ ಮುಗಿಯುವಲ್ಲಿ ಕ್ಲಿಪ್ಪನ್ನು ಎರಡು ತುಂಡು ಮಾಡಿ, ಮೊದಲ ತುಂಡಿನ ವೇಗವನ್ನಷ್ಟೇ ಬದಲಿಸಬೇಕು. ಅದಕ್ಕೆ ಮುನ್ನ ಕೆಳಗಿನ ದೃಶ್ಯ ಮತ್ತು ಧ್ವನಿಯ ಟ್ರ್ಯಾಕುಗಳನ್ನು ಲಾಕ್ ಮಾಡಿದರೆ ಅವು ಜಾರುವುದಿಲ್ಲ. ಎಷ್ಟು ಹೊತ್ತು ನಿಲ್ಲಿಸಬೇಕೆಂಬುದಕ್ಕೆ, ಬರಹವನ್ನು ಸಾವಧಾನವಾಗಿ ಎರಡು ಸಲ ಗಟ್ಟಿಯಾಗಿ ಓದಿ ನೋಡುವುದು ಉತ್ತಮ ಪರೀಕ್ಷೆ.

ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಕಲ್ಲಿನ ಬರಹವನ್ನು ಓದುಗ ತನಗೆ ಬೇಕಾದಷ್ಟು ಹೊತ್ತು ನಿಂತು ಓದಬಲ್ಲ. ತೆರೆಯ ಬರಹಕ್ಕೆ ಆ ಅವಕಾಶವಿಲ್ಲ. ಅದರ ಕಾಲವನ್ನು ಸಂಕಲನಕಾರನೇ ಗೊತ್ತುಮಾಡುತ್ತಾನೆ. ಅಂಗಡಿಯ ಫಲಕದಿಂದ ಬಸ್ಸಿನ ಹಲಗೆಯವರೆಗೆ ತೆಲುಗೇ ಹೆಚ್ಚಾಗಿ ಕಾಣುವ ಊರುಗಳಲ್ಲಿ ಕನ್ನಡ ಕಲಿಯುವ ಮಗುವಿಗೆ ತೆರೆಯೂ ಒಂದು ಓದುವ ಪುಟವೇ. ಅಲ್ಲಿ ತನ್ನ ಊರಿನ ಹೆಸರು ಒಡೆಯದೆ, ಓಡದೆ, ಉಚ್ಚಾರಣೆಯ ನಡೆಯಲ್ಲಿಯೇ ಮೂಡುವಂತೆ ನೋಡಿಕೊಳ್ಳುವುದು ಕನ್ನಡ ವಿದ್ಯಾರ್ಥಿಗಳು ತಮ್ಮ ವ್ಯಾಕರಣ, ಛಂದಸ್ಸುಗಳ ತಿಳಿವಳಿಕೆಯಿಂದಲೇ ಮಾಡಬಲ್ಲ ಕೆಲಸ.