ಕೆಲಸಕ್ಕೊಬ್ಬರು ಪಾಲಕ ಸಂತರು



ಸಂಘದ ಸಭೆಯಲ್ಲಿ "ನೀವು ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರೆ ನಮ್ಮಲ್ಲಿ ಕೆಲವರು ತಲೆ ತಗ್ಗಿಸಿ, "ಏನೂ ಇಲ್ಲ, ನಾಲ್ಕು ಮನೆ ಪಾತ್ರೆ ತಿಕ್ಕೋಕೆ ಹೋಗ್ತೀನಿ ಅಷ್ಟೇ" ಅನ್ನುತ್ತಾರೆ. ನಾಲ್ಕು ಮನೆಯ ಕೆಲಸ "ಏನೂ ಇಲ್ಲ" ಹೇಗಾಗುತ್ತೆ? ಇಂದಿನ ಪಾಠ ಇದರ ಬಗ್ಗೆ.

ಪಾಲಕ ಸಂತರು ಎಂದರೆ ಯಾರು?

ಕಥೋಲಿಕ ಸಂಪ್ರದಾಯದಲ್ಲಿ ಅನೇಕ ಕೆಲಸಗಳಿಗೆ, ಊರುಗಳಿಗೆ ಪಾಲಕ ಸಂತರು ಇದ್ದಾರೆ. ಅವರು ಆ ಕೆಲಸ ಮಾಡಿದವರು, ಆ ಊರಲ್ಲಿ ಬಾಳಿದವರು, ಇಲ್ಲವೇ ಅವರ ಬದುಕಿನ ಯಾವುದೋ ಘಟನೆ ಆ ಕೆಲಸವನ್ನು ನೆನಪಿಸುತ್ತದೆ. "ನಮಗಾಗಿ ದೇವರಲ್ಲಿ ಬೇಡಿಕೊಳ್ಳಿ" ಎಂದು ಭಕ್ತರು ಅವರನ್ನು ಕೇಳಿಕೊಳ್ಳುತ್ತಾರೆ. ಕೆಲವರನ್ನು ನೋಡೋಣ:

* ರೈತರಿಗೆ ಸಂತ ಇಸಿದೋರರು. ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಬೇರೆಯವರ ಹೊಲ ಉತ್ತು ಬಾಳಿದವರು. ಇಂದು ಆ ನಗರಕ್ಕೂ ಅವರೇ ಪಾಲಕರು. ಹಬ್ಬ ಮೇ 15.
* ಹೊಲಿಗೆಯವರಿಗೆ ಇಟಲಿಯ ಕ್ರೆಮೋನಾದ ಸಂತ ಹೋಮೊಬೋನಸ್. 1197ರಲ್ಲಿ ತೀರಿಕೊಂಡರು. ಎರಡೇ ವರ್ಷದಲ್ಲಿ ಸಂತ ಪದವಿ ದೊರೆಯಿತು.
* ಅಡುಗೆಯವರಿಗೆ ಸಂತ ಲಾರೆನ್ಸರು. 258ರಲ್ಲಿ ರೋಮಿನಲ್ಲಿ ಅವರನ್ನು ಬೆಂಕಿಯ ಮೇಲೆ ಸುಟ್ಟರೆಂದು ಸಂಪ್ರದಾಯ ಹೇಳುತ್ತದೆ. ಕಾರ್ಕಳದ ಅತ್ತೂರಿನ ದೇವಾಲಯ ಇವರದೇ. ಅಲ್ಲಿನ ಜಾತ್ರೆಗೆ ಎಲ್ಲ ಧರ್ಮದವರೂ ಹೋಗ್ತಾರಲ್ವಾ?
* ಲೆಕ್ಕ ಬರೆಯುವವರಿಗೆ ಸಂತ ಮತ್ತಾಯರು. ಯೇಸುಸ್ವಾಮಿ ಕರೆಯುವ ಮೊದಲು ಸುಂಕ ವಸೂಲಿ ಮಾಡುತ್ತಿದ್ದವರು. ಸಂಘದ ಪುಸ್ತಕ ಬರೆಯುವ ಅಕ್ಕಂದಿರು ನೆನಪಿಟ್ಟುಕೊಳ್ಳಿ!
* ದುಡಿಯುವವರೆಲ್ಲರಿಗೂ ಬಡಗಿ ಸಂತ ಜೋಸೆಫರು. 1955ರಲ್ಲಿ ಜಗದ್ಗುರು 12ನೇ ಪಯಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು.

ಮನೆಗೆಲಸದವರ ಸಂತೆ

ಮನೆಗೆಲಸದವರಿಗೆ ಯಾರು? ಸಂತ ಝೀಟಾ. ಸುಮಾರು 800 ವರ್ಷಗಳ ಹಿಂದೆ ಇಟಲಿಯ ಲುಕ್ಕಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದಳು. 12ನೇ ವಯಸ್ಸಿಗೇ ಲುಕ್ಕಾದ ಫಾತಿನೆಲ್ಲಿ ಎಂಬ ಶ್ರೀಮಂತರ ಮನೆಗೆ ಕೆಲಸಕ್ಕೆ ಸೇರಿದಳು. ಮೊದಮೊದಲು ಜೊತೆ ಕೆಲಸದವರೇ ಕಾಟ ಕೊಟ್ಟರಂತೆ, ಯಜಮಾನರಿಂದ ಬೈಗುಳವೂ ಬಿತ್ತಂತೆ. ವರ್ಷಗಳು ಕಳೆದಂತೆ ಆಕೆಯ ಪ್ರಾಮಾಣಿಕತೆ ಕಂಡು ಇಡೀ ಮನೆಯ ಉಸ್ತುವಾರಿಯನ್ನೇ ಆಕೆಗೆ ಒಪ್ಪಿಸಿದರು. ಆಕೆಯ ಚಿತ್ರಗಳಲ್ಲಿ ಬೀಗದ ಕೈ ಗೊಂಚಲು ಇರುವುದು ಅದಕ್ಕೇ.

ಭಕ್ತರು ಹೇಳುವ ಒಂದು ಕಥೆಯಿದೆ. ಝೀಟಾ ಬಡವರಿಗೆಂದು ಸೆರಗಿನಲ್ಲಿ ರೊಟ್ಟಿ ಒಯ್ಯುತ್ತಿದ್ದಾಗ ತಡೆದು ನೋಡಿದರೆ, ಅಲ್ಲಿ ಬರೀ ಹೂವು! 1272ರ ಏಪ್ರಿಲ್ 27ರಂದು ಆಕೆ ಅದೇ ಮನೆಯಲ್ಲಿ ಕಣ್ಣು ಮುಚ್ಚಿದಳು. 1696ರಲ್ಲಿ ಸಂತ ಪದವಿ ದೊರೆಯಿತು. ಇಂದಿಗೂ ಏಪ್ರಿಲ್ ಕೊನೆಯಲ್ಲಿ ಲುಕ್ಕಾದಲ್ಲಿ ಆಕೆಯ ಹಬ್ಬಕ್ಕೆ ಹೂವಿನ ಸಂತೆ ಸೇರುತ್ತದೆ. ಯಜಮಾನರ ಊರು ಇಂದು ಆಳಿನ ಹಬ್ಬ ಮಾಡುತ್ತಿದೆ, ನೋಡಿ.

ನಮಗೇನು ಪಾಠ?

"ಝೀಟಾ ಸಹಿಸಿಕೊಂಡಳು, ನಾವೂ ಬಾಯಿ ಮುಚ್ಚಿಕೊಂಡು ಇರಬೇಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಾಳ್ಮೆ ಬೇರೆ, ಅನ್ಯಾಯಕ್ಕೆ ತಲೆಬಾಗುವುದು ಬೇರೆ. ಕೂಲಿಯಾಳಿನ ಕೂಲಿ ಹಿಡಿದಿಟ್ಟುಕೊಳ್ಳುವುದು ಪಾಪವೆಂದು ಪವಿತ್ರ ಬೈಬಲ್ ಹೇಳುತ್ತದೆ. ಸಂತರ ಸಾಲಿನಲ್ಲಿ ನಿಂತ ಕೆಲಸ ಕೀಳಲ್ಲ. ಕೀಳಲ್ಲದ ಕೆಲಸಕ್ಕೆ ನ್ಯಾಯವಾದ ಕೂಲಿ ಕೇಳುವುದು ತಪ್ಪೂ ಅಲ್ಲ.

ಕಾನೂನೂ ನಮ್ಮ ಜೊತೆಗಿದೆ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ನಾಲ್ಕು ಜನ ಸೇರಿ ಹೋಗಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದಲ್ಲಿ ಯಾರ್‍ಯಾರು ಯಾವ ಯಾವ ಕೆಲಸ ಮಾಡುತ್ತೇವೆ? ಒಂದನ್ನೂ ಬಿಡದೆ ಪಟ್ಟಿ ಮಾಡಿ.
2. ವಾರದ ರಜೆ, ಹಬ್ಬದ ರಜೆ ಯಾರಿಗೆ ಸಿಗುತ್ತಿದೆ, ಯಾರಿಗೆ ಇಲ್ಲ?
3. ಕೂಲಿ ಬಾಕಿ ಉಳಿದ ಸದಸ್ಯೆಗೆ ಸಂಘ ಹೇಗೆ ಜೊತೆ ನಿಲ್ಲಬಹುದು?

ಮುಂದಿನ ಸಭೆಯಲ್ಲಿ "ಏನು ಕೆಲಸ?" ಎಂದು ಕೇಳಿದಾಗ ತಲೆ ಎತ್ತಿ ಹೇಳೋಣ: "ಮನೆಗೆಲಸ ಮಾಡ್ತೀನಿ."